ಅಧ್ಯಕ್ಷರು ಕೊಟ್ಟ ನಿಂಬೆಹಣ್ಣು

ರಾಮನಗರ ಜಿಲ್ಲೆಯಾದ ವರ್ಷ ಚನ್ನಪಟ್ಟಣದಲ್ಲಿ ಅಧ್ಯಕ್ಷನಾಗದೆ ಉಳಿದ ಗಂಡಸರು ಬಹಳ ಕಡಿಮೆ. ಜಿಲ್ಲೆ ಎಂದ ಮೇಲೆ ಜಿಲ್ಲಾ ಸಂಘ ಬೇಕು, ಸಂಘ ಎಂದ ಮೇಲೆ ಅಧ್ಯಕ್ಷ ಬೇಕು. ಆಟೋದವರಿಗೊಬ್ಬ, ಎಳನೀರಿನವರಿಗೊಬ್ಬ, ಶಾಮಿಯಾನದವರಿಗೊಬ್ಬ. ಮೈಕ್ ಸೆಟ್ಟಿನವರಿಗೆ ಜಗಳವಾಗಿ ಇಬ್ಬರು. ಬೋರಲಿಂಗಯ್ಯನ ಎದುರು ಮನೆಯ ಲತಾಮಣಿಯ ಗಂಡ ಕೋಳಿ ಅಂಗಡಿ ಮಾಲೀಕರ ಸಂಘದ ಜಿಲ್ಲಾ ಅಧ್ಯಕ್ಷನಾಗಿ ಮನೆ ಮುಂದೆ ಬೋರ್ಡು ಹಾಕಿಸಿದ. ಬೋರ್ಡು ರಾತ್ರಿಯೂ ಕಾಣಲಿ ಎಂದು ಅದಕ್ಕೊಂದು ಟ್ಯೂಬ್‌ಲೈಟು ಹಾಕಿಸಿದ. ಆ ಬೆಳಕು ನೇರವಾಗಿ ಬೋರಲಿಂಗಯ್ಯನ ಕಿಟಕಿಯೊಳಗೆ ಬಂದು ಅವನ ದಿಂಬಿನ ಮೇಲೆ ಬೀಳುತ್ತಿತ್ತು. ಇನ್ನೊಬ್ಬನ ಅಧ್ಯಕ್ಷಗಿರಿಯ ಬೆಳಕಿನಲ್ಲಿ ಎಷ್ಟು ದಿನ ಅಂತ ಮಲಗುವುದು?

ಬೋರಲಿಂಗಯ್ಯ ಬಿಡದಿ ಕಡೆಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿಕೊಡುವ ಕೆಲಸದಲ್ಲಿದ್ದ. ಐವತ್ತರ ಹತ್ತಿರದ ವಯಸ್ಸು, ಗೇಣಗಲದ ಎದೆ, ಆ ಎದೆಗೆ ಸ್ವಲ್ಪವೂ ಹೊಂದದ ದೊಡ್ಡ ಮೀಸೆ. ಒಂದು ಭಾನುವಾರ ಅವನು ಬಾಲ್ಯದ ಗೆಳೆಯ ಜಬ್ಬಾರನ ಗೊಂಬೆ ಕಾರ್ಖಾನೆಗೆ ಹೋಗಿ ಮರದ ಪುಡಿಯ ಮೇಲೆ ಕೂತ.

"ಎಲ್ರೂ ಅಧ್ಯಕ್ಷ್ರಾಗ್ಬುಟ್ರು ಕಣ್ಲಾ ಜಬ್ಬಾರ. ನಾನೊಬ್ಬ ಉಳ್ಕಂಡೆ."

ತಿರುಗುತ್ತಿದ್ದ ಮರದ ತುಂಡಿಗೆ ಜಬ್ಬಾರ್ ಅರಗಿನ ಕಡ್ಡಿ ಹಿಡಿದಿದ್ದ. ಕಣ್ಣೆತ್ತದೆ ಕೇಳಿದ: "ನಿಂಗೆ ಏನ್ ಗೊತ್ತೈತೆ ಅಂತ ಅಧ್ಯಕ್ಷ ಮಾಡಾರು?"

ಬೋರಲಿಂಗಯ್ಯ ಬಹಳ ಹೊತ್ತು ಯೋಚಿಸಿದ. ಪ್ರಾಮಾಣಿಕ ಮನುಷ್ಯ.

"ಫ್ರೀಸ್ಟೈಲು," ಎಂದ.

ಜಬ್ಬಾರ್ ಲೇತು ನಿಲ್ಲಿಸಿದ.

ಈಗಿನ ಹುಡುಗರಿಗೆ ಫ್ರೀಸ್ಟೈಲ್ ಎಂದರೆ ಟೀವಿಯಲ್ಲಿ ಬರುವ ಅಮೆರಿಕದ ಕುಸ್ತಿ. ಮೂವತ್ತು ವರ್ಷದ ಹಿಂದೆ ಅದು ತಾನೇ ಲಾರಿ ಹತ್ತಿ ಊರಿಗೆ ಬರುತ್ತಿತ್ತು. ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ, ನಾಲ್ಕು ಊರಿನಲ್ಲೂ ಬೇಸಿಗೆಗೊಮ್ಮೆ ಕಂಪನಿ ಬಂದು ತಗಡಿನ ಬೇಲಿ ಕಟ್ಟುತ್ತಿತ್ತು. ಒಳಗೆ ಹಗ್ಗ ಬಿಗಿದ ಹಲಗೆ ಕಟ್ಟೆ. ಅದರ ಮೇಲೆ ರಷ್ಯದವನೆಂದು ಹೇಳಿಕೊಳ್ಳುವ ಕೋಲಾರದವನೊಬ್ಬ, ಟರ್ಕಿಯವನೆಂದು ಹೇಳಿಕೊಳ್ಳುವ ಆಂಬೂರಿನವನೊಬ್ಬ ಪರಸ್ಪರ ಕೂದಲು ಹಿಡಿದು ಕಿರುಚುತ್ತಿದ್ದರು. ಕೊನೆಯಲ್ಲಿ ಇಬ್ಬರನ್ನೂ ಎತ್ತಿ ಒಗೆಯುತ್ತಿದ್ದವನು ಕರಿ ನಾಗ. ಮುಖದ ತುಂಬ ಕಪ್ಪು ಮುಖವಾಡ. 'ಸೋತ ದಿನ ಮುಖ ತೋರಿಸುತ್ತೇನೆ' ಎಂದು ಜಟಕಾಗಾಡಿಯ ಮೈಕಿನಲ್ಲಿ ಸಾರಿಸುತ್ತಿದ್ದ. ಸೋಲಲೇ ಇಲ್ಲ. ಆಮೇಲೆ ಮನೆಮನೆಗೆ ಟೀವಿ ಬಂತು, ಕಂಪನಿ ಮುಚ್ಚಿತು. ನಾಲ್ಕು ತಾಲೂಕಿನ ಒಂದು ತಲೆಮಾರಿನ ಗಂಡಸರು ಆ ಮುಖ ಹೇಗಿರಬಹುದೆಂದು ಯೋಚಿಸುತ್ತಲೇ ಮದುವೆಯಾದರು, ಮಕ್ಕಳ ಮದುವೆ ಮಾಡಿದರು, ಈಗ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

ಹೀಗೆ ಮರದ ಪುಡಿಯ ಮೇಲೆ 'ರಾಮನಗರ ಜಿಲ್ಲಾ ಹಳೇ ಫ್ರೀಸ್ಟೈಲ್ ಕುಸ್ತಿ ಅಭಿಮಾನಿಗಳ ಸಂಘ' ಹುಟ್ಟಿತು. ಬೋರಲಿಂಗಯ್ಯ ಅಧ್ಯಕ್ಷ, ಜಬ್ಬಾರ್ ಕಾರ್ಯದರ್ಶಿ. ವಿರೋಧ ಪಕ್ಷ ಇರಲಿಲ್ಲ. ಮೊದಲ ಸಭೆಯಲ್ಲೇ ಜಿಲ್ಲಾ ಸಮಾವೇಶದ ನಿರ್ಣಯವಾಯಿತು.

ಸಮಾವೇಶಕ್ಕೆ ಮುಖ್ಯ ಅತಿಥಿ ಬೇಕಲ್ಲ? ಅಲ್ಲೇ ಇರುವುದು ಗುಟ್ಟು. ಕರಿ ನಾಗ ಯಾರೆಂದು ಅವನ ಮನೆಯವರನ್ನು ಬಿಟ್ಟರೆ ಇಡೀ ಜಿಲ್ಲೆಯಲ್ಲಿ ಈ ಇಬ್ಬರಿಗೆ ಮಾತ್ರ ಗೊತ್ತಿತ್ತು. ಎರಡು ವರ್ಷದ ಹಿಂದೆ ಜಬ್ಬಾರನ ಮಗಳು ಶೀಬಾಳ ಮದುವೆಯಲ್ಲಿ ಬಿರಿಯಾನಿಯ ದೊಡ್ಡ ಹಂಡೆಯನ್ನು ಇಳಿಸಲು ನಾಲ್ಕು ಜನ ಒದ್ದಾಡುತ್ತಿದ್ದಾಗ, ಗಂಡಿನ ಕಡೆಯ ಒಬ್ಬ ವಯಸ್ಸಾದ ಸಾಹೇಬರು ಎದ್ದು ಬಂದರು. ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಟಕ್ ಟಕ್ ಎನಿಸಿದರು. ಹಂಡೆಯನ್ನು ಒಬ್ಬರೇ ಎತ್ತಿ ಕೆಳಗಿಟ್ಟರು. ಪಂಕ್ತಿಯಲ್ಲಿ ಕೂತಿದ್ದ ಬೋರಲಿಂಗಯ್ಯನ ಕೈಯ ತುತ್ತು ಹಾಗೇ ನಿಂತಿತು. ಪ್ರತಿ ಪಟ್ಟಿಗೂ ಮುಂಚೆ ಕರಿ ನಾಗ ಕತ್ತು ಮುರಿಯುತ್ತಿದ್ದುದು ಥೇಟ್ ಹೀಗೆಯೇ. ಆ ಸಾಹೇಬರು ಗಫಾರ್. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವವರು. ಅರವತ್ತೈದು ದಾಟಿದ್ದರು.

ಇಬ್ಬರೂ ಹೋಗಿ ಕರೆದಾಗ ಗಫಾರ್ ಒಂದೇ ಮಾತು ಹೇಳಿದರು.

"ಬತ್ತೀನಿ. ಮುಖವಾಡ ಹಾಕ್ಕಂಡು ಕುರ್ಚಿ ಮೇಲೆ ಕೂತಿರ್ತೀನಿ, ಶಾಲು ಹೊದಿಸ್ಕತೀನಿ, ಎದ್ದು ಬತ್ತೀನಿ. ಮುಖ ಮಾತ್ರ ಕೇಳಂಗಿಲ್ಲ. ಮುಖ ನೋಡಿದ ದಿವ್ಸ ಅವ್ರ ಕರಿ ನಾಗ ಹೋಯ್ತಾನೆ. ಉಳಿಯೋನು ನೂಲು ಗಫಾರ್. ಅವನನ್ನ ನೋಡಕ್ಕೆ ಯಾರ್ ಬತ್ತಾರೆ, ಬ್ಯಾಂಕಿನೋರು ಬತ್ತಾರೆ."

"ನನ್ನ ಹೆಣದ ಮ್ಯಾಲೆ ಸಾಹೇಬ್ರೇ, ಮುಖವಾಡ ತೆಗೆಯೋದು," ಎಂದು ಬೋರಲಿಂಗಯ್ಯ ಎದೆ ಮುಟ್ಟಿಕೊಂಡ. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಗಫಾರರ ಹೆಂಡತಿ ಗುಲ್ಜಾರ್ ಬೀ ಆ ಎದೆಯನ್ನು ಒಮ್ಮೆ ಅಳೆದು ನೋಡಿ ಅಡುಗೆಮನೆಗೆ ಹೋದರು.

ಪೊಲೀಸ್ ಅನುಮತಿ ಬೇಕಾಯಿತು. ಸ್ಟೇಷನ್ನಿನಲ್ಲಿ ಸಬ್ ಇನ್ಸ್‌ಪೆಕ್ಟರು ಅರ್ಜಿಯನ್ನು ಮೂಗಿನ ತುದಿಯಿಂದ ಓದಿದರು.

"ಸಮಾವೇಶ. ಯಾವ ಪಕ್ಷದ್ದು?"

"ಪಕ್ಷ ಇಲ್ಲ ಸಾರ್."

"ಯಾವ ಜಾತೀದು?"

"ಜಾತೀನೂ ಇಲ್ಲ ಸಾರ್."

"ಪಕ್ಷಾನೂ ಇಲ್ಲ, ಜಾತೀನೂ ಇಲ್ಲ ಅಂದ್ರೆ ಜನ ಯಾಕ್ರೀ ಸೇರ್ತಾರೆ?"

ಅಧ್ಯಕ್ಷರು ಮೀಸೆ ಸವರಿಕೊಂಡರು. ಇನ್ಸ್‌ಪೆಕ್ಟರು ಸಹಿ ಹಾಕುತ್ತಾ ಒಂದು ಬುದ್ಧಿಮಾತು ಹೇಳಿದರು. ಕುಸ್ತಿ ಎಂದ ಮೇಲೆ ಗರಡಿಯವರನ್ನೂ ವೇದಿಕೆಯ ಮೇಲೆ ಕೂರಿಸಬೇಕು. ಇಲ್ಲವಾದರೆ 'ನಮ್ಮನ್ನು ಬಿಟ್ಟು ಮಾಡಿದರು' ಎಂದು ಗಲಾಟೆಯಾದೀತು. ಬೈರಾಪಟ್ಟಣದ ಗರಡಿಯ ಉಸ್ತಾದ್ ನರಸಯ್ಯನವರನ್ನು ಕರೆಯಿರಿ. ಮಾತು ಸರಿಯಾಗಿಯೇ ಇತ್ತು. ಲೋಕದಲ್ಲಿ ಅನಾಹುತಗಳೆಲ್ಲ ಹೀಗೆ ಸರಿಯಾದ ಮಾತಿನಿಂದಲೇ ಶುರುವಾಗುವುದು.

ಬೈರಾಪಟ್ಟಣಕ್ಕೆ ಹೊರಡುವಾಗ ಹೆಂಡತಿ ಸಿದ್ದಮ್ಮ ಅಡ್ಡ ನಿಂತಳು. "ದೊಡ್ಡೋರ್ನ ಕರೆಯಕ್ಕೆ ಬರಿಗೈಲಿ ಹೋದಾರಾ? ಅಧ್ಯಕ್ಷ್ರಂತೆ, ಅಧ್ಯಕ್ಷ್ರು." ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಮೇಲೊಂದು ನಿಂಬೆಹಣ್ಣು ಇಟ್ಟು ಟವೆಲು ಮುಚ್ಚಿಕೊಟ್ಟಳು. ನಮ್ಮ ಕಡೆ ಮದುವೆಗೆ ಕರೆಯುವುದೂ ಹೀಗೆಯೇ.

ನರಸಯ್ಯನವರು ಮನೆಯಲ್ಲಿರಲಿಲ್ಲ, ಪಕ್ಕದ ಗರಡಿಯಲ್ಲಿದ್ದರು. ಎಪ್ಪತ್ತು ತುಂಬಿದ ಒಣಗಿದ ಮೈ, ಹುಣಿಸೆ ಬೇರಿನಂಥ ಕೈ. ಕೆಂಪು ಮಣ್ಣಿನ ಅಖಾಡದಲ್ಲಿ ಹುಡುಗರು ಸಾಮು ಮಾಡುತ್ತಿದ್ದರು. ಬೋರಲಿಂಗಯ್ಯ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಆಂಜನೇಯನಿಗೆ ಕೈ ಮುಗಿದು, ತಟ್ಟೆಯನ್ನು ಬಹಳ ಭಕ್ತಿಯಿಂದ ಅಖಾಡದ ಅಂಚಿನ ಮೇಲೆ ಇಟ್ಟ.

ಅದೇ ತಟ್ಟೆಯನ್ನು ಪಕ್ಕದ ಮನೆಯ ಜಗಲಿಯ ಮೇಲೆ ಇಟ್ಟಿದ್ದರೆ ಅದು ಆಹ್ವಾನ. ಅಖಾಡದ ಅಂಚಿನ ಮೇಲೆ ನಿಂಬೆಹಣ್ಣಿನ ಸಮೇತ ವೀಳ್ಯ ಇಟ್ಟರೆ ಅದು ಪಂಥ. ಅಪ್ಪನ ಕಾಲದಿಂದ, ತಾತನ ಕಾಲದಿಂದ, ಬೈರಾಪಟ್ಟಣದ ಹಸುಗೂಸಿಗೂ ಗೊತ್ತಿರುವ ಸಂಗತಿ. ನಟ್ಟು ಬೋಲ್ಟಿನ ಸ್ಟೋರಿನಲ್ಲಿ ಇದನ್ನು ಹೇಳಿಕೊಡುವುದಿಲ್ಲ.

ಸಾಮು ನಿಂತಿತು. ಹುಡುಗರೆಲ್ಲ ಬೋರಲಿಂಗಯ್ಯನ ಮೀಸೆ ನೋಡಿದರು, ಆಮೇಲೆ ಮೀಸೆಯ ಕೆಳಗೆ ಉಳಿದದ್ದನ್ನು ನೋಡಿದರು.

"ಯಾರ ಕಡೆಯೋನಪ್ಪ ನೀನು?" ಎಂದರು ನರಸಯ್ಯ.

"ಫ್ರೀಸ್ಟೈಲಿನ ಕಡೆಯಿಂದ ಬಂದಿದ್ದೀನಿ ಯಜಮಾನ್ರೇ. ಜಿಲ್ಲಾ ಅಧ್ಯಕ್ಷ."

"ನಿಮ್ ಕಡೆ ಯಾರು ಬತ್ತಾರೆ?"

"ಸಾಕ್ಷಾತ್ ಕರಿ ನಾಗನೇ ಬತ್ತಾರೆ."

"ಇನ್ನೂ ಬದುಕವ್ನಾ?"

"ಕಲ್ಲುಗುಂಡಿನಂಗವ್ರೆ."

ನರಸಯ್ಯ ತಟ್ಟೆಯನ್ನೇ ನೋಡುತ್ತಾ ಕೇಳಿದರು: "ನಮ್ ಕಡೆ ಯಾರ್ನ ಕಳಿಸ್ಬೇಕು?"

"ಹುಡುಗ್ರನ್ನ ಕಳ್ಸಿ ಕೈ ತೊಳ್ಕಬ್ಯಾಡಿ. ತಾವೇ ಬರ್ಬೇಕು. ನಾಕು ತಾಲೂಕಿನ ಜನದ ಮುಂದೆ ತಾವೂ ಅವ್ರೂ ಅಕ್ಕಪಕ್ಕ ಇದ್ರೆ ಆ ಗತ್ತೇ ಬೇರೆ."

"ವಯಸ್ಸಾಯ್ತಲ್ಲಪ್ಪ ನಂಗೆ."

"ಅದಕ್ಕೆ ಯೋಚ್ನೆ ಮಾಡ್ಬ್ಯಾಡಿ. ಹತ್ತು ನಿಮಿಷಕ್ಕೆ ಮುಗಿಸ್ಬುಡ್ತೀವಿ. ಕರ್ಕಂಡ್ ಹೋಗಕ್ಕೂ ಕಾರು, ಮನೇಗ್ ತಂದು ಬುಡಕ್ಕೂ ಕಾರು. ತಾವು ಒಂದ್ ಹೆಜ್ಜೆ ನಡೆಯಂಗಿಲ್ಲ."

ನರಸಯ್ಯನವರ ಹಣೆಯ ನರ ಎದ್ದಿತು. ಐವತ್ತು ವರ್ಷದ ಗರಡಿ ಜೀವನದಲ್ಲಿ ಇಷ್ಟು ನಯವಾಗಿ ಯಾರೂ ಅವರನ್ನು ಅವಮಾನಿಸಿರಲಿಲ್ಲ. ಅವರು ಎದ್ದರು. ನಿಂಬೆಹಣ್ಣನ್ನು ಕಣ್ಣಿಗೊತ್ತಿಕೊಂಡು ಅಖಾಡದ ಮಣ್ಣಿನಲ್ಲಿ ಹೂತರು. ತೊಡೆ ತಟ್ಟಿದರು. ಹುಡುಗರು "ಜೈ ಆಂಜನೇಯ!" ಎಂದು ಸೂರು ಹಾರುವಂತೆ ಕೂಗಿದರು. ಯಾರೋ ತಮಟೆ ತಂದು ಬಡಿದೇಬಿಟ್ಟರು.

ಬೋರಲಿಂಗಯ್ಯ ತಮಟೆಗೂ ಕೈ ಮುಗಿದ. ಮನೆಗೆ ಬಂದು ಹೆಂಡತಿಗೆ ಹೇಳಿದ: "ಸಂಸ್ಕೃತಿ ಅಂದ್ರೆ ಅದು ಕಣಮ್ಮಿ. ಒಂದು ನಿಂಬೆಹಣ್ಣು ಕೊಟ್ಟಿದ್ದಕ್ಕೆ ತಮಟೆ ಬಡ್ಕಂಡು ಊರಾಚೆಗಂಟ ಬುಟ್ಟು ಬಂದ್ರು."

ಮಾರನೆಯ ದಿನ ಜಬ್ಬಾರ್ ಕಾಲಿಗೆ ಚಪ್ಪಲಿ ಇಲ್ಲದೆ ಓಡಿ ಬಂದ.

"ಲೇ ಬೋರ, ಬೈರಾಪಟ್ಟಣದಲ್ಲಿ ಏನ್ಲಾ ಮಾಡ್ಬುಟ್ಟು ಬಂದೆ?"

"ಕರೆದೆ."

"ಕರೆದೆಯಾ? ಪಂಥ ಕಟ್ಬುಟ್ಟು ಬಂದಿದೀಯ! ಹಳ್ಳಿಹಳ್ಳೀಲಿ ಟಾಂಟಾಂ ಹೊಡೀತಾವ್ರೆ. ಸಮಾವೇಶದ ದಿವ್ಸ ಕರಿ ನಾಗಂಗೂ ನರಸಯ್ಯಂಗೂ ಕುಸ್ತಿಯಂತೆ! ನಿಮ್ಮುಸ್ತಾದನ್ನ ಹೆಣ ಮಾಡಿ ಕಾರಲ್ಲಿ ಕಳಿಸ್ತೀವಿ ಅಂದ್ಯಂತೆ!"

ಬೋರಲಿಂಗಯ್ಯ ತಾನಾಡಿದ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡು, ಒಂದೊಂದಕ್ಕೂ ಒಂದೊಂದು ಸಲ ಕೂತ ಜಾಗದಲ್ಲೇ ಕುಗ್ಗಿದ.

ಸುದ್ದಿ ಮಾತ್ರ ಕುಗ್ಗಲಿಲ್ಲ. ಲತಾಮಣಿ ಬೀದಿ ದಾಟಿ ಬಂದು ಸಿದ್ದಮ್ಮನಿಗೆ, "ನಮ್ಮೆಜಮಾನ್ರು ಅಧ್ಯಕ್ಷ್ರಾದಾಗ ಬರೀ ಬೋರ್ಡು ತಂದ್ರು. ನಿಮ್ಮೋರು ಯುದ್ಧಾನೇ ತಂದವ್ರಲ್ಲಕ್ಕ," ಎಂದಳು. ಕಾರ್ಖಾನೆಯಲ್ಲಿ ಸೂಪರ್‌ವೈಸರು ಅವನನ್ನು ಕರೆಸಿ, ಸಮಾವೇಶದ ಭಾನುವಾರ ಓವರ್‌ಟೈಮಿಗೆ ಒಬ್ಬನೂ ಒಪ್ಪುತ್ತಿಲ್ಲ, ಇದಕ್ಕೆ ನೀನೇ ಹೊಣೆ ಎಂದು ಬೈದು, ಬಾಗಿಲು ಹಾಕಿ, ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿದಿಡಲು ಹೇಳಿದ. ಸಬ್ ಇನ್ಸ್‌ಪೆಕ್ಟರು ಜೀಪು ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದರು: "ಈಗ ಗೊತ್ತಾಯ್ತು ಬಿಡ್ರೀ, ಜನ ಯಾಕೆ ಸೇರ್ತಾರೆ ಅಂತ."

ಇಬ್ಬರೂ ಬೈರಾಪಟ್ಟಣಕ್ಕೆ ಹೋಗಿ ನರಸಯ್ಯನವರ ಕಾಲಿಗೆ ಬಿದ್ದರು. ತಪ್ಪು ತಿಳುವಳಿಕೆ, ತಟ್ಟೆ ವಾಪಸು ಕೊಡಿ ಎಂದರು.

"ವಾಪಸ್ ಈಸ್ಕಳಕ್ಕೆ ಇದೇನು ಬಾಡಿಗೆ ಸೈಕಲ್ಲಾ?" ಎಂದರು ನರಸಯ್ಯ. "ನಿಂಬೆಹಣ್ಣು ಮಣ್ಣು ಸೇರ್ತು. ಬರ್ದೆ ಇದ್ರೆ ಕರಿ ನಾಗ ಸೋತ ಅಂತ ಸಾರುಸ್ತೀನಿ. ಸೋತ್ರೆ ಮುಖ ತೋರುಸ್ತೀನಿ ಅಂದಿದ್ದು ಅವನೇ ಅಲ್ವಾ? ತೋರುಸ್ಲಿ."

ಅಲ್ಲಿಗೆ ಮುಖವಾಡದ ಕುತ್ತಿಗೆಗೇ ಬಂತು. ಆಡಿದರೆ ಮುದುಕ ಬೀಳುತ್ತಾನೆ, ಬಿದ್ದರೆ ಮುಖ ಹೋಗುತ್ತದೆ. ಆಡದಿದ್ದರೆ ಬೀಳದೆಯೇ ಮುಖ ಹೋಗುತ್ತದೆ. ಬೋರಲಿಂಗಯ್ಯ ಜಬ್ಬಾರನ ಜೊತೆ ರಾಮನಗರದ ಬಸ್ಸಿನಲ್ಲಿ ಕಿಟಕಿಗೆ ತಲೆ ಬಡಿದುಕೊಳ್ಳುತ್ತಾ ಹೋದ. ಪಕ್ಕದಲ್ಲಿ ಕೂತವರು ನಿದ್ದೆ ಅಂದುಕೊಂಡರು.

ಗಫಾರರ ಮನೆಯಲ್ಲಿ ಈ ಸಲ ಗುಲ್ಜಾರ್ ಬೀ ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ. ನಡುಮನೆಗೇ ಬಂದರು.

"ಕುರ್ಚಿ ಅಂದ್ರಿ, ಶಾಲು ಅಂದ್ರಿ. ಈಗ ಕುಸ್ತಿ ಅಂತೀರಿ. ಇವ್ರಿಗೆ ಕಕ್ಕಸಿಗೆ ಹೋದ್ರೆ ಏಳಕ್ಕೆ ಗೋಡೆ ಬೇಕು. ಅಖಾಡದಲ್ಲಿ ಗೋಡೆ ಕಟ್ಟುಸ್ತೀರಾ ಅಧ್ಯಕ್ಷ್ರೇ?"

"ತಪ್ಪಾಯ್ತು ತಾಯಿ."

"ಇವ್ರು ಸೊಂಟ ಮುರ್ಕಂಡ್ರೆ ನೂಲು ಯಾರ್ ತೆಗೀತಾರೆ? ನಿಮ್ಮ ಸಂಘ ಬಂದು ತೆಗೀತದಾ?"

ಜಬ್ಬಾರ್ ಬಾಯಿ ಹಾಕಿದ: "ಅಕ್ಕಾ, ಗೊತ್ತಿಲ್ದೆ ಆಗೋಯ್ತು..."

"ನೀನ್ ಸುಮ್ನಿರು. ನಿನ್ ಮಗಳ ಮದುವೇಲಿ ಹಂಡೆ ಎತ್ತಿ ಇವ್ರು ಎರಡು ತಿಂಗಳು ಮಲಗಿದ್ರು. ಅದು ಯಾರಿಗ್ ಗೊತ್ತೈತೆ?"

ಗಫಾರ್ ಇಷ್ಟು ಹೊತ್ತೂ ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು. ಮೆಲ್ಲಗೆ ಕೇಳಿದರು: "ಜನ ಎಷ್ಟು ಬರ್ಬೋದು?"

"ಸೂಪರ್‌ವೈಸರೇ ಬತ್ತಾವ್ನೆ ಸಾಹೇಬ್ರೇ," ಎಂದ ಬೋರಲಿಂಗಯ್ಯ ಅಳುದನಿಯಲ್ಲಿ. "ಮಾಗಡಿಯಿಂದ ಎರಡು ಲಾರಿ ಅಂತೆ. ಕನಕಪುರದೋರು ಬಸ್ಸೇ ಮಾಡ್ಕಂಡವ್ರೆ."

ಗಫಾರ್ ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮುರಿದರು. ಗುಲ್ಜಾರ್ ಬೀ ಗಂಡನನ್ನು ಒಂದು ಗಳಿಗೆ ನೋಡಿದರು. ನಲವತ್ತು ವರ್ಷ ಒಟ್ಟಿಗೆ ಬದುಕಿದವರಿಗೆ ಆ ಟಕ್ ಟಕ್‌ನ ಅರ್ಥ ಬೇರೆಯವರು ಬಿಡಿಸಿ ಹೇಳಬೇಕಿಲ್ಲ. ಒಳಗೆ ಹೋದರು. ಟ್ರಂಕಿನ ಮುಚ್ಚಳದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಕಪ್ಪು ಮುಖವಾಡ, ಹಲ್ಲಿನಲ್ಲಿ ಸೂಜಿದಾರ.

"ಕೊಡೆ ಬಟ್ಟೇಲಿ ನಾನೇ ಹೊಲಿದಿದ್ದು. ಹಿಂದ್ಗಡೆ ಹೊಲಿಗೆ ಬುಟ್ಟೈತೆ," ಎಂದರು ಸಿಡುಕಿನಲ್ಲಿ. "ತಲೆ ಬಗ್ಗುಸಿ."

ಸಮಾವೇಶದ ದಿನ ಒಂದು ಕಲ್ಯಾಣ ಮಂಟಪದ ಹಿಂದಿನ ಬಯಲಿನಲ್ಲಿ ಬೆಳಗ್ಗೆಯೇ ನಿಲ್ಲಲು ಜಾಗವಿರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಹೊಟ್ಟೆ ಬಂದ, ಕೂದಲು ಹೋದ, ಬೀಪಿ ಮಾತ್ರೆ ಜೇಬಿನಲ್ಲಿಟ್ಟುಕೊಂಡ ಗಂಡಸರು. ಬಂದವರೇ ಹದಿನಾರು ವರ್ಷದವರಾಗಿಬಿಟ್ಟರು. ಮಾಗಡಿಯ ಒಬ್ಬ ನಿವೃತ್ತ ಮೇಷ್ಟರು ಕಂಪನಿಯ ಹಗ್ಗದ ತುಂಡೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತಂದಿದ್ದರು. ಕನಕಪುರದ ರಾಗಿ ಮಿಲ್ಲಿನ ರಾಮಲಿಂಗಯ್ಯ, ಕರಿ ನಾಗ ಒಗೆದ ಟರ್ಕಿಯವನು ಬಂದು ಬಿದ್ದದ್ದು ತನ್ನ ತೊಡೆಯ ಮೇಲೆಯೇ ಎಂದು ಪಂಚೆ ಎತ್ತಿ ಗಾಯದ ಕಲೆ ತೋರಿಸುತ್ತಿದ್ದ. ಅದು ಎಮ್ಮೆ ಹಾಯ್ದ ಕಲೆ ಎಂದು ಅವನ ಊರಿನವನೇ ಕೂಗಿ ಹೇಳಿದ. ಇಬ್ಬರಿಗೂ ಅಲ್ಲೇ ಒಂದು ಸಣ್ಣ ಫ್ರೀಸ್ಟೈಲ್ ಆಯಿತು. ಕರಿ ನಾಗನಂತೆ ಕತ್ತು ಮುರಿಯುವ ಸ್ಪರ್ಧೆಯಲ್ಲಿ ಗೆದ್ದವನ ಕತ್ತು ವಾಪಸು ಬರದೆ ಅವನನ್ನು ಆಟೋದಲ್ಲಿ ಕಳಿಸಲಾಯಿತು. ಜಬ್ಬಾರ್ ಅರಗಿನ ಬಣ್ಣದ ಮರದ ಬಿಲ್ಲೆಗಳನ್ನು ಪೋಣಿಸಿ ಚಾಂಪಿಯನ್ ಬೆಲ್ಟು ಮಾಡಿದ್ದ. ಕೆಂಪು, ಹಳದಿ, ಹಸಿರು. ನೋಡಿದ ಹೆಂಗಸರೆಲ್ಲ ತೊಟ್ಟಿಲಿಗೆ ಕಟ್ಟಲು ಒಂದು ಬೇಕೆಂದರು.

ಅಷ್ಟರಲ್ಲಿ ತಮಟೆ ಕೇಳಿಸಿತು. ಬೈರಾಪಟ್ಟಣದವರು ಮಂಕರಿಗಳಲ್ಲಿ ಗರಡಿಯ ಕೆಂಪು ಮಣ್ಣು ಹೊತ್ತು ಬಂದರು. ಹಲಗೆಯ ಮೇಲೆ ನಮ್ಮುಸ್ತಾದರು ಕಾಲಿಡುವುದಿಲ್ಲ ಎಂದರು. ಮಣ್ಣಿನಲ್ಲಿ ನಮ್ಮ ಕರಿ ನಾಗ ಕಾಲಿಡುವುದಿಲ್ಲ ಎಂದು ಅಭಿಮಾನಿಗಳು ಎದ್ದರು.

"ಹಲಗೆ ಮೇಲೇ ಮಣ್ಣು ಸುರೀರಿ," ಎಂದರು ಇನ್ಸ್‌ಪೆಕ್ಟರು. ಸುರಿದರು.

"ರೆಫ್ರಿ ಯಾರು?" ಎಂದ ಗರಡಿಯ ಹುಡುಗನೊಬ್ಬ. ಅವರು ಹೇಳಿದವನನ್ನು ಇವರು ಒಪ್ಪಲಿಲ್ಲ, ಇವರು ಹೇಳಿದವನನ್ನು ಅವರು ಒಪ್ಪಲಿಲ್ಲ. ಇನ್ಸ್‌ಪೆಕ್ಟರು ಲಾಠಿಯನ್ನು ಬೋರಲಿಂಗಯ್ಯನ ಕಡೆ ತಿರುಗಿಸಿದರು. "ಇದನ್ನ ಹುಟ್ಟಿಸ್ದೋರು ಇವರು. ಇವರೇ ಸಾಕಲಿ."

ಹಾಗೆ ಅಧ್ಯಕ್ಷರು ಹಗ್ಗದೊಳಗೆ ಬಂದರು. ಜೀವಮಾನದಲ್ಲಿ ಮೊದಲ ಸಲ. ಹಗ್ಗದ ನಡುವೆ ನುಸುಳುವಾಗ ಶರ್ಟಿನ ತೋಳು ಸಿಕ್ಕಿಕೊಂಡು ಹರಿಯಿತು. ಜನ ಸಿಳ್ಳೆ ಹೊಡೆದರು.

ಒಂದು ಮೂಲೆಯಿಂದ ಕರಿ ನಾಗ ಹತ್ತಿದರು. ಕಪ್ಪು ಬನಿಯನ್ನು, ಕಪ್ಪು ಪ್ಯಾಂಟು, ಆ ಮುಖವಾಡ. ಮೂವತ್ತು ವರ್ಷ ಒಳಗೇ ಇಟ್ಟುಕೊಂಡ ಕೂಗೊಂದು ಬಯಲಿನಿಂದ ಎದ್ದಿತು. ಮಾಗಡಿಯ ಮೇಷ್ಟರು ಗಾಜಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಸಣ್ಣ ಮಗುವಿನಂತೆ ಅಳುತ್ತಿದ್ದರು. ಇನ್ನೊಂದು ಮೂಲೆಯಿಂದ ನರಸಯ್ಯ ಲಂಗೋಟಿಯಲ್ಲಿ ಹತ್ತಿ, ಮಣ್ಣು ಹಣೆಗಿಟ್ಟುಕೊಂಡು, ತೊಡೆ ತಟ್ಟಿದರು. ಅತ್ತ ಕಡೆಯಿಂದಲೂ ಅಷ್ಟೇ ದೊಡ್ಡ ಕೂಗು.

ಇಬ್ಬರೂ ನಡುವೆ ಬಂದು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ, ತಲೆಗೆ ತಲೆ ಕೊಟ್ಟು ನಿಂತರು. ನಿಂತವರು ನಿಂತೇ ಇದ್ದರು.

ಬಯಲು ಉಸಿರು ಬಿಗಿಹಿಡಿಯಿತು. ಎಂಥ ಪಟ್ಟು! ಒಂದಂಗುಲ ಅತ್ತಿತ್ತ ಇಲ್ಲ. ಇಬ್ಬರ ಕಾಲೂ ನಡುಗುತ್ತಿವೆ, ಎಷ್ಟು ಬಲ ಹಾಕುತ್ತಿರಬೇಕು! "ಕಲ್ಲಿಗೆ ಕಲ್ಲು ಕಣ್ಲಾ!" ಎಂದ ರಾಮಲಿಂಗಯ್ಯ. ಬೋರಲಿಂಗಯ್ಯ ನಿಯಮ ನೋಡುವವನಂತೆ ಹತ್ತಿರ ಬಗ್ಗಿದ. ಆಗ ಒಳಗಿನ ಮಾತು ಕೇಳಿಸಿತು.

"ಬುಡಯ್ಯ," ಎನ್ನುತ್ತಿದ್ದರು ನರಸಯ್ಯ. "ಉಬ್ಬಸ ಬತ್ತಾ ಐತೆ."

"ನೀವ್ ಬುಡಿ ಉಸ್ತಾದ್," ಎಂದರು ಗಫಾರ್ ಮುಖವಾಡದೊಳಗಿಂದ. "ನಂಗೆ ಮಂಡಿ ಹಿಡ್ಕಂಡೈತೆ. ಬುಟ್ರೆ ಬೀಳ್ತೀನಿ."

"ಬುಟ್ರೆ ನಾನೂ ಬೀಳ್ತೀನಿ ಕಣಯ್ಯ. ನಿನ್ನ ಹಿಡ್ಕಂಡೇ ನಿಂತಿರೋದು."

ಬೋರಲಿಂಗಯ್ಯನಿಗೆ ಸಂಗತಿ ಅರ್ಥವಾಯಿತು. ಇದು ಪಟ್ಟಲ್ಲ, ಆಸರೆ. ಎರಡು ಹಳೇ ಗೋಡೆಗಳು ಒಂದಕ್ಕೊಂದು ಒರಗಿ ನಿಂತಿದ್ದವು. ನರಸಯ್ಯ ಬಿದ್ದರೆ ತಾತನ ಕಾಲದ ಗರಡಿಯ ಮಾನ ಹೋಗುತ್ತದೆ, ಬೈರಾಪಟ್ಟಣದವರು ಮಂಕರಿಯ ಜೊತೆ ದೊಣ್ಣೆಯನ್ನೂ ತಂದಿದ್ದರು. ಗಫಾರ್ ಬಿದ್ದರೆ ಮುಖ ಹೋಗುತ್ತದೆ. ಮುಂದಿನ ಸಾಲಿನ ಗುಲ್ಜಾರ್ ಬೀ ಆಗಲೇ ಎದ್ದು ನಿಂತಿದ್ದರು. ಅವರ ಪಕ್ಕ ಸಿದ್ದಮ್ಮ ನಿಂತಿದ್ದಳು.

"ಉಸ್ತಾದ್," ಎಂದರು ಗಫಾರ್, "ಇಷ್ಟು ಜನ ಬಂದವ್ರೆ. ಯಾರಾದ್ರೂ ಒಬ್ರು ಬೀಳ್ಲೇಬೇಕು."

"ನಾನಂತೂ ಬೀಳಕಿಲ್ಲ."

"ನಾನೂ ಬೀಳಕಿಲ್ಲ."

 ಆಮೇಲೆ ಎರಡು ತಲೆಗಳೂ ಒಟ್ಟಿಗೇ, ಬಹಳ ನಿಧಾನವಾಗಿ, ಬೋರಲಿಂಗಯ್ಯನ ಕಡೆ ತಿರುಗಿದವು.

"ಅಧ್ಯಕ್ಷ್ರೇ," ಎಂದರು ಗಫಾರ್, "ಒಸಿ ಮಧ್ಯಕ್ಕೆ ಬನ್ನಿ."

"ನಾನಾ? ಯಾಕೆ ಸಾಹೇಬ್ರೇ?"

"ನಮ್ಮನ್ನ ಬಿಡಿಸೋ ಹಂಗೆ ಬನ್ನಿ."

ಬೋರಲಿಂಗಯ್ಯ ಕಾರ್ಖಾನೆಯಲ್ಲಿ ಎರಡು ತುಕ್ಕು ಹಿಡಿದ ಬೋಲ್ಟುಗಳನ್ನು ಬಿಡಿಸುವ ಹಾಗೆ ನಡುವೆ ಕೈ ತೂರಿಸಿದ. ತಕ್ಷಣ ಎರಡು ಭಾರವೂ ಅವನ ಮೇಲೆ ಬಂತು. ಗಫಾರ್ ಅವನ ಸೊಂಟ ಹಿಡಿದರು. ನರಸಯ್ಯ ಒಂದು ಕಾಲು ಹಿಡಿದರು.

"ಹಂಗಲ್ಲ ಕಣಯ್ಯ," ಎಂದರು ನರಸಯ್ಯ. "ತೊಡೆ ಸಂದಿಗೆ ಕೈ ಹಾಕು. ಇದು ಕಲಾಜಂಗ್ ಪಟ್ಟು."

"ಉಸ್ತಾದ್, ಅದು ಜನಕ್ಕೆ ಕಾಣಾಕಿಲ್ಲ. ಮೇಲೆತ್ತಿ ಒಂದ್ ಸುತ್ತು ತಿರುಗುಸ್ಬೇಕು. ಹಿಂದ್ಗಡೆಯೋನಿಗೂ ಕಾಣ್ಬೇಕು."

"ಸುಮ್ಸುಮ್ನೆ ಯಾಕಯ್ಯ ತಿರುಗ್ಸೋದು?"

"ತಿರುಗ್ಸಿ ನೋಡಿ, ಆಮೇಲೆ ಹೇಳಿ."

"ಸಾಹೇಬ್ರೇ, ನನ್ನನ್ನೂ ಒಂ‌ದ್ ಮಾತು..." ಎಂದ ಬೋರಲಿಂಗಯ್ಯ. ಅಷ್ಟರಲ್ಲಿ ಅವನ ಕಾಲು ನೆಲ ಬಿಟ್ಟಿತ್ತು.

ಒಬ್ಬೊಬ್ಬರಿಂದ ಆಗದ್ದು ಇಬ್ಬರಿಂದ ಆಯಿತು. ಅಧ್ಯಕ್ಷರು ಶಾಮಿಯಾನದ ಎತ್ತರಕ್ಕೆ ಹೋದರು. ಅಲ್ಲಿಂದ ಅವನಿಗೆ ಇಡೀ ಜಿಲ್ಲೆ ಕಂಡಿತು: ಬಾಯಿ ತೆರೆದ ಸೂಪರ್‌ವೈಸರು, ತಲೆಯ ಮೇಲೆ ಕೈ ಹೊತ್ತ ಜಬ್ಬಾರ್, ಕುರ್ಚಿಯ ಮೇಲೆ ಹತ್ತಿ ನಿಂತ ಇನ್ಸ್‌ಪೆಕ್ಟರು. ಒಂದು ಸುತ್ತು ತಿರುಗಿಸಿದರು. ಬಯಲು ಹುಚ್ಚೆದ್ದು ಕೂಗಿತು. ಆ ಕೂಗು ಕೇಳಿ ನರಸಯ್ಯನವರ ಮುಖದಲ್ಲಿ, ಎಪ್ಪತ್ತು ವರ್ಷ ಗರಡಿಯ ಗೋಡೆಯಂತೆ ಬಿಗಿದಿದ್ದ ಮುಖದಲ್ಲಿ, ಹಬ್ಬದ ದಿನದ ಹುಡುಗನ ನಗು ಬಂತು.

"ಇನ್ನೊಂದ್ ಸುತ್ತು ಹೊಡೀನ ಕಣಯ್ಯ!" ಎಂದರು.

ಹೊಡೆದರು. ಆಮೇಲೆ ಬಿಟ್ಟರು.

ಬೀಳುವುದನ್ನು ಬೋರಲಿಂಗಯ್ಯ ಯಾರಿಂದಲೂ ಕಲಿತಿರಲಿಲ್ಲ. ಆದರೆ ನೂರಾರು ಸಲ ನೋಡಿದ್ದ. ಬೆನ್ನು ಅಡಿಯಾಗಿ, ಕೈಕಾಲು ಚಾಚಿ, ಧೊಪ್ಪೆಂದು ಬಿದ್ದ. ಕೆಂಪು ಮಣ್ಣು ಮುಗಿಲಿನಂತೆ ಎದ್ದಿತು. ಅದರಾಚೆ ಇಬ್ಬರು ಮುದುಕರು ಎರಡು ಕಡೆಯ ಹಗ್ಗಕ್ಕೆ ಒರಗಿ ಎದೆ ಸೆಟೆಸಿ ನಿಂತಿದ್ದರು. ಹಗ್ಗವಿಲ್ಲದಿದ್ದರೆ ನಿಲ್ಲುತ್ತಿರಲಿಲ್ಲ ಎಂಬುದು ಕೆಳಗಿನ ಜನಕ್ಕೆ ಕಾಣುತ್ತಿರಲಿಲ್ಲ. ಮುಖವಾಡ ಇದ್ದಲ್ಲೇ ಇತ್ತು. ಲಂಗೋಟಿಯ ಮಾನ ಇದ್ದಲ್ಲೇ ಇತ್ತು. ಬೈರಾಪಟ್ಟಣದವರೂ ಅಭಿಮಾನಿಗಳೂ ಒಬ್ಬರನ್ನೊಬ್ಬರು ತಬ್ಬಿ ಕುಣಿಯುತ್ತಿದ್ದರು.

"ಏನಂದ್ರೆ! ಜೀವ ಐತಾ?" ಎಂದು ಸಿದ್ದಮ್ಮ ಕೂಗಿದಳು.

ಇತ್ತು. ಆದರೆ ಒಂದು ತೊಡಕಿತ್ತು. ರೆಫ್ರಿ ಬಿದ್ದವನ ಪಕ್ಕ ಹಲಗೆ ಬಡಿದು ಮೂರು ಎಣಿಸದ ಹೊರತು ಕುಸ್ತಿ ಮುಗಿಯುವುದಿಲ್ಲ. ಜನ ಕುಣಿತ ನಿಲ್ಲಿಸಿ ರೆಫ್ರಿಗಾಗಿ ಹುಡುಕತೊಡಗಿದರು. ನರಸಯ್ಯ ಗಫಾರರನ್ನು ನೋಡಿದರು, ಗಫಾರ್ ನರಸಯ್ಯನವರನ್ನು ನೋಡಿದರು. ಗೆದ್ದವರಿದ್ದಾರೆ, ಗೆದ್ದರೆಂದು ಹೇಳುವವನಿಲ್ಲ.

ಬೋರಲಿಂಗಯ್ಯನಿಗೆ ತನ್ನ ಕರ್ತವ್ಯ ನೆನಪಾಯಿತು. ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಮಲಗಿದ್ದಂತೆಯೇ ಅದನ್ನೆತ್ತಿ ಹಲಗೆಗೆ ಬಡಿದ.

"ಒಂದು!"

ಬಯಲು ಒಂದು ಗಳಿಗೆ ಬೆಪ್ಪಾಯಿತು. ಆಮೇಲೆ ಅವನ ಜೊತೆ ದನಿಗೂಡಿಸಿತು.

"ಎರಡು!"

ಮೂರಕ್ಕೆ ಎತ್ತಿದ ಕೈಯನ್ನು ಬೋರಲಿಂಗಯ್ಯ ಗಾಳಿಯಲ್ಲೇ ತಡೆದು ನಿಲ್ಲಿಸಿದ. ನ್ಯಾಯವಾದ ರೆಫ್ರಿ ಬಿದ್ದವನಿಗೆ ಏಳಲು ಒಂದು ಅವಕಾಶ ಕೊಡಬೇಕು. ಕೊಟ್ಟ. ಬಿದ್ದವನು ಏಳುವ ಹಾಗೆ ಕಾಣಲಿಲ್ಲ. ಬಡಿದ.